ಖಾಲಿ ಲೇಔಟಿನ ಕಾಂಟೆಸಾ

ಭಾನುವಾರ ಬೆಳಿಗ್ಗೆ ಕೀರ್ತನ ಬಾಗಿಲಿಗೆ ನೀರು ಹಾಕಿ ರಂಗೋಲಿಯ ಚುಕ್ಕಿ ಇಡುತ್ತಿದ್ದಳು. ಕೊನೆಯ ಸಾಲು ಬಾಕಿ ಇರುವಾಗ ಮನೆಯ ಹಿಂದಿನಿಂದ ಟೈರು ಚೀರುವ ಸದ್ದು ಕೇಳಿಸಿತು. ಒಂದು ಸಲ ಚೀರಿ ನಿಂತಿದ್ದರೆ ಸುಮ್ಮನಿರುತ್ತಿದ್ದಳೇನೋ. ಅದು ನಿಲ್ಲಲೇ ಇಲ್ಲ.

"ಯಾವನೋ ಗುದ್ದಿಕೊಂಡ ಅಂತ ಕಾಣ್ತದೆ, ಹೋಗ್ ನೋಡವ್ವ," ಒಳಗಿನಿಂದ ಅತ್ತೆ ಕದಿರಮ್ಮ ಕೂಗಿದರು.

ಆವತಿಯ ಅಂಚಿನಲ್ಲಿದ್ದ ಅವರ ಮನೆಯ ಹಿಂದೆ ಮೊದಲು ರಾಗಿ ಹೊಲ ಇತ್ತು. ಏರ್‌ಪೋರ್ಟ್ ಬಂದ ಮೇಲೆ ಅದು ಲೇಔಟ್ ಆಯಿತು. ಕಮಾನು ಬಂತು, ಟಾರು ರಸ್ತೆ ಬಂತು, ಬೀದಿ ದೀಪದ ಕಂಬಗಳು ಸಾಲಾಗಿ ನಿಂತವು. ಮನೆಗಳು ಮಾತ್ರ ಬಂದಿರಲಿಲ್ಲ. ಯಾರೂ ಇಲ್ಲದ ಆ ಬೀದಿಗಳಲ್ಲಿ ಬೆಳಗಿನ ಮಂಜು ತಾನೇ ಬಾಡಿಗೆಗೆ ಇರುವ ಹಾಗೆ ಓಡಾಡಿಕೊಂಡಿರುತ್ತಿತ್ತು.

ಕೀರ್ತನ ರಂಗೋಲಿ ಪುಡಿಯ ಕೈಯಲ್ಲೇ ಓಡಿದಳು. ಲೇಔಟಿನ ನಡುವಿನ ಸರ್ಕಲ್ಲಿನಲ್ಲಿ ಹಳೇ ಬಿಳಿ ಕಾಂಟೆಸಾ ಕಾರೊಂದು ಅಡ್ಡಡ್ಡ ಜಾರುತ್ತ ಸುತ್ತುತ್ತಿತ್ತು. ಹಿಂದಿನ ಚಕ್ರಗಳಿಂದ ಹೊಗೆ ಏಳುತ್ತಿತ್ತು.

"ಆಕ್ಸಿಲರೇಟರ್ ಬಿಡ್ರೀ! ಕಾಲು ತೆಗೀರಿ!"

ಕಾರು ಇನ್ನೊಂದು ಸುತ್ತು ಬಂದು, ಹೊಗೆಯನ್ನೆಲ್ಲ ಹಿಂದೆ ಬಿಟ್ಟು, ಸರಿಯಾಗಿ ಅವಳ ಮುಂದೆ ನಿಂತಿತು. ಗಾಜು ಕೆಳಗಿಳಿಯಿತು. ಹೆಲ್ಮೆಟ್ಟಿನ ಒಳಗೆ ಎರಡು ಕಣ್ಣು ನಗುತ್ತಿದ್ದವು.

"ನೀವು ಹೇಳ್ದಂಗೆ ಕಾಲು ತೆಗೆದಿದ್ರೆ ಆ ಕಂಬಕ್ಕೆ ಹೊಡೀತಿದ್ದೆ," ಅಂದ ಅವನು.

"ಕಾರು ನಿಮ್ಮ ಕೈ ಮೀರಿತ್ತು. ನಾನು ನೋಡಿದೆ."

"ಬೇಕಂತಲೇ ಜಾರಿಸ್ತಿದ್ದೆ ಮೇಡಂ. ಇದಕ್ಕೆ ಡ್ರಿಫ್ಟಿಂಗ್ ಅಂತಾರೆ."

"ಗೊತ್ತು. ನಾನೂ ಓಡಿಸ್ತೀನಿ. ಆಟೋಕ್ರಾಸ್."

ಅವನು ಹೆಲ್ಮೆಟ್ ತೆಗೆದು ಅವಳನ್ನು ಇನ್ನೊಮ್ಮೆ ನೋಡಿದ. ಎತ್ತಿ ಸಿಕ್ಕಿಸಿದ ಸೀರೆ, ಬರಿಗಾಲು, ಬೆಳ್ಳಗಿನ ಬೆರಳು. ನೋಡುವುದು ಸ್ವಲ್ಪ ಹೆಚ್ಚಾಯಿತು ಅನ್ನಿಸಿ ಸ್ಟೀರಿಂಗ್ ಕಡೆ ತಿರುಗಿಕೊಂಡ. "ಹಂಗಾದ್ರೆ ನಿಮಗೆ ಗಾಬರಿ ಆಗಿದ್ದು ನ್ಯಾಯ. ಆಟೋಕ್ರಾಸ್‌ನೋರಿಗೆ ಕಾರು ಜಾರಿದ್ರೆ ಜೀವ ಹೋದಂಗೆ."

ಅದು ನಿಜವೇ. ಆಟೋಕ್ರಾಸ್ ಅಂದರೆ ಬಯಲಿನಲ್ಲಿ ಕಿತ್ತಳೆ ಕೋನ್‌ಗಳನ್ನು ಇಟ್ಟು, ಅವುಗಳ ನಡುವೆ ಒಬ್ಬೊಬ್ಬರಾಗಿ ವೇಗವಾಗಿ ಓಡಿಸುವುದು. ಕೋನ್ ತಗುಲಿದರೆ ದಂಡದ ಸೆಕೆಂಡು, ಜಾರಿದರೆ ಸಮಯ ನಷ್ಟ. ಗಂಡ ತೀರಿಕೊಂಡ ಮೇಲೆ ಶೆಡ್ಡಿನಲ್ಲಿ ನಿಂತಿದ್ದ ಅವನ ಝೆನ್ ಕಾರಿನಲ್ಲಿ ಕೀರ್ತನ ಓಡಿಸಲು ಕಲಿತಿದ್ದಳು. ಏರ್‌ಪೋರ್ಟಿನ ಕಾರ್ಗೋ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿನವರು ಒಂದು ಭಾನುವಾರ ಬೂದಿಗೆರೆಯ ಬಯಲಿಗೆ ಕರೆದುಕೊಂಡು ಹೋಗಿದ್ದರು. ಅಂದಿನಿಂದ ಎಷ್ಟು ಸಲ ಓಡಿಸಿದರೂ ಅವಳ ಕಾರು ಒಂದೂ ಕೋನ್ ಮುಟ್ಟಿರಲಿಲ್ಲ. ಬದುಕಿನಲ್ಲೂ ಹಾಗೇ. ಯಾರಿಗೂ ತಗುಲದಂತೆ, ಯಾರ ಬಾಯಿಗೂ ಸಿಗದಂತೆ, ಚೊಕ್ಕವಾಗಿ.

ವಾಪಸ್ ಹೊರಟಾಗ, ಮಾತಾಡುತ್ತ ಕೈ ಊರಿದ್ದ ಕಾರಿನ ಬಾಗಿಲ ಮೇಲೆ ತನ್ನ ಐದು ಬೆರಳಿನ ರಂಗೋಲಿ ಗುರುತು ಬಿಟ್ಟಿದ್ದು ಕಂಡಿತು. ಒರೆಸಲು ಕೈ ಎತ್ತಿದಳು.

"ಇರ್ಲಿ ಬಿಡಿ," ಅಂದ ಅವನು. "ಕಾರಿಗೂ ಹಬ್ಬ."

*

ಅವನ ಹೆಸರು ದೇವೇಂದ್ರ. ಬೂದಿಗೆರೆಯವನು. ತಂಗಿಯರ ಮದುವೆ ಮಾಡುವುದರಲ್ಲಿ ತನ್ನದು ಹಿಂದೆ ಬಿದ್ದು, ಈಗ ಕಿವಿಯ ಬಳಿ ನಾಲ್ಕು ಬೆಳ್ಳಿ ಕೂದಲು. ಏರ್‌ಪೋರ್ಟಿನಲ್ಲಿ ವಿಮಾನಗಳನ್ನು ಹಿಂದಕ್ಕೆ ತಳ್ಳುವ ಗಾಡಿ ಓಡಿಸುತ್ತಿದ್ದ. ಲೇಔಟಿನ ಮಾಲೀಕರನ್ನು ಕೇಳಿಕೊಂಡು ಭಾನುವಾರ ಬೆಳಿಗ್ಗೆ ಮಾತ್ರ ಇಲ್ಲಿಗೆ ಬರುತ್ತಿದ್ದ.

ಮುಂದಿನ ಭಾನುವಾರ ಕೀರ್ತನ ನೋಡಲು ಹೋದಳು, ಅದರ ಮುಂದಿನ ಭಾನುವಾರ ಓಡಿಸಲು. ಹಿಂದೆ ಹಿಂದೆಯೇ ಎರಡನೇ ಕ್ಲಾಸಿನ ಮಗಳು ಹರ್ಷಿತ ಬಂದಳು, ಬಾಯಿ ತುಂಬ ಪ್ರಶ್ನೆ ಇಟ್ಟುಕೊಂಡು.

"ವಿಮಾನಕ್ಕೆ ರಿವರ್ಸ್ ಗೇರ್ ಇಲ್ವಾ?"

"ಇಲ್ಲ ಪುಟ್ಟ. ಅಷ್ಟು ದೊಡ್ಡದಾದ್ರೂ ಹಿಂದಕ್ಕೆ ಹೋಗ್ಬೇಕಾದ್ರೆ ನಾನೇ ಬೇಕು."

"ಪೈಲಟ್ ಥ್ಯಾಂಕ್ಸ್ ಹೇಳ್ತಾರಾ?"

"ಮೇಲಿಂದ ಕೈ ಬೀಸ್ತಾರೆ."

"ನೀವು?"

"ನಾನೂ ಬೀಸ್ತೀನಿ. ಆಮೇಲೆ ಅವರು ದುಬೈಗೆ, ನಾನು ಕ್ಯಾಂಟೀನಿಗೆ."

ಹರ್ಷಿತ ಬಿದ್ದು ಬಿದ್ದು ನಕ್ಕಳು. ಮಗಳು ಹಾಗೆ ನಕ್ಕು ಎಷ್ಟು ದಿನವಾಯಿತು ಎಂದು ಕೀರ್ತನ ನೆನೆಯುತ್ತ, ಅವನನ್ನು ನೋಡುತ್ತ ನಿಂತುಬಿಟ್ಟಳು.

ಪಾಠ ಸುಲಭವಿರಲಿಲ್ಲ. ಹಿಂದಿನ ಚಕ್ರ ಜಾರಿದ ಕೂಡಲೇ ಕೀರ್ತನಳ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಮೇಲೇಳುತ್ತಿತ್ತು. ಕಾರು ಗಕ್ಕನೆ ನೆಟ್ಟಗಾಗಿ, ಮುಗ್ಗರಿಸಿ ನಿಲ್ಲುತ್ತಿತ್ತು.

"ಜಾರಿದಾಗ ಹೆದರಿ ಬಿಟ್ಬಿಡ್ತೀರಿ," ಪಕ್ಕದ ಸೀಟಿನಿಂದ ದೇವೇಂದ್ರ ಹೇಳುತ್ತಿದ್ದ. "ಬಿಡ್ಬಾರ್ದು. ಕಾಲು ಹದವಾಗಿ ಇಟ್ಕೊಂಡೇ ಇರಿ. ಕಾರಿನ ಮೂತಿ ಯಾವ ಕಡೆ ಇದ್ರೂ ತಲೆ ಕೆಡಿಸ್ಕೋಬೇಡಿ. ಹೋಗ್ಬೇಕಾದ ಕಡೆ ನೋಡಿ. ಕೈ ತಾನೇ ಹಿಂದೆ ಬರುತ್ತೆ."

ಒಂದು ಬೆಳಿಗ್ಗೆ ಅವನು ಹೊರಗೆ ದೂರದಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದ. ಕಾರು ಸರ್ಕಲ್ಲನ್ನು ಬಿಟ್ಟು ಸೀದಾ ಅವನ ಕಡೆಗೇ ಜಾರಿಕೊಂಡು ಬಂತು. ಅವನು ಹಾರಿ ಫುಟ್‌ಪಾತ್ ಹತ್ತಿದ.

"ನನ್ನನ್ನ ಯಾಕ್ರೀ ನೋಡ್ತೀರಿ? ರೋಡ್ ನೋಡಿ."

ಕೀರ್ತನ ಹೆಲ್ಮೆಟ್ ತೆಗೆಯಲಿಲ್ಲ. ಮುಖ ಕಾಣದಿರುವುದೇ ಒಳ್ಳೆಯದು ಅನ್ನಿಸಿತು. "ಹೋಗ್ಬೇಕಾದ ಕಡೆ ನೋಡು ಅಂದೋರು ನೀವೇ."

ದೇವೇಂದ್ರ ಫುಟ್‌ಪಾತಿನ ಮೇಲೇ ನಿಂತ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ತಲೆಯ ಮೇಲೆ ವಿಮಾನವೊಂದು ಚಕ್ರ ಬಿಚ್ಚಿಕೊಂಡು ಇಳಿಯಿತು. ಅವನು ಹೇಳಿದ್ದು ಆ ಸದ್ದಿನಲ್ಲಿ ಹೋಯಿತು. ಸದ್ದು ಅಡಗಿದ ಮೇಲೆ ಅವಳು ಏನಂದ್ರಿ ಎಂದು ಕೇಳಲಿಲ್ಲ, ಅವನು ತಿರುಗಿ ಹೇಳಲಿಲ್ಲ. ಕೇಳಿಸದ ಆ ಮಾತನ್ನು ಇಬ್ಬರೂ ಮನೆಗೆ ಒಯ್ದರು.

ಆ ತಿಂಗಳು ಬೂದಿಗೆರೆಯ ಆಟೋಕ್ರಾಸಿನಲ್ಲಿ ಕೀರ್ತನ ತನ್ನ ಝೆನ್ ತೆಗೆದುಕೊಂಡು ಹೋದಳು. ಮೂರನೇ ತಿರುವಿನಲ್ಲಿ ಯಾಕೋ ಹ್ಯಾಂಡ್ ಬ್ರೇಕ್ ಎಳೆದಳು. ಕಾರಿನ ಹಿಂಭಾಗ ಲಂಗ ತಿರುಗಿದ ಹಾಗೆ ಹಗುರವಾಗಿ ತಿರುಗಿತು. ಕೋನ್‌ಗಳು ಚೆಲ್ಲಾಪಿಲ್ಲಿಯಾದವು.

"ಏನವ್ವ ಇದು, ಕೋನೆಲ್ಲ ಮಲಗ್ಬಿಟ್ವಲ್ಲ," ಸಮಯ ಬರೆಯುವ ಬೈರಣ್ಣ ತಲೆ ಕೆರೆದುಕೊಂಡರು. "ಗಾಡಿ ಕೆಟ್ಟಿತ್ತಾ?"

"ಇಲ್ಲ ಬೈರಣ್ಣ. ನಾನೇ." ಕೀರ್ತನಳಿಗೆ ನಗು ತಡೆಯಲಾಗಲಿಲ್ಲ. "ಮುಂದಿನ ಸಲ ನನ್ನ ಹೆಸರು ಹಾಕ್ಕೋಬೇಡಿ. ನಾನು ಡ್ರಿಫ್ಟಿಂಗ್ ಕಲೀತಿದ್ದೀನಿ."

*

ಸಂಕ್ರಾಂತಿ ಹತ್ತಿರವಾದ ಒಂದು ಭಾನುವಾರ, ಲೇಔಟಿನ ಕಮಾನಿನ ಕೆಳಗೆ ಕೂತು ದೇವೇಂದ್ರ ಕೇಳಿಯೇಬಿಟ್ಟ. ಹರ್ಷಿತ ದೂರದಲ್ಲಿ ಖಾಲಿ ಸೈಟುಗಳ ಕಲ್ಲಿನಿಂದ ಕಲ್ಲಿಗೆ ಕುಪ್ಪಳಿಸುತ್ತಿದ್ದಳು.

"ಕೀರ್ತನ ಅವ್ರೇ, ನಾನು ಸುತ್ತಿ ಬಳಸಿ ಮಾತಾಡಕ್ಕೆ ಬರದವನು. ನನ್ನನ್ನ ಮದುವೆ ಆಗ್ತೀರಾ?"

ಅವಳು ಹುಲ್ಲಿನ ಕಡ್ಡಿಯೊಂದನ್ನು ಕಿತ್ತು ಬೆರಳಿಗೆ ಸುತ್ತಿಕೊಂಡಳು.

"ಹರ್ಷಿತಳ ಅಪ್ಪ ಹೋದಾಗ ಅವಳಿಗೆ ಮೂರು ವರ್ಷ. ಮಗು ಹೆದರುತ್ತೆ ಅಂತ ಮನೆಯೋರೆಲ್ಲ ಸೇರಿ, ಅಪ್ಪ ಆಸ್ಪತ್ರೇಲಿದ್ದಾರೆ, ಬರ್ತಾರೆ ಅಂದ್ರು. ಅವಳು ದಿನಾ ಅವರ ಟವೆಲ್ ಮಡಚಿ ಇಡೋಳು. ಬೀದಿ ಮಕ್ಕಳು ಹೇಳಿ ಅವಳಿಗೆ ಗೊತ್ತಾಯ್ತು. ದೊಡ್ಡೋರು ತೀರ್ಮಾನ ಮಾಡ್ಕೊಂಡು ಆಮೇಲೆ ಅವಳಿಗೆ ತಿಳಿಸೋದು ಒಂದು ಸಲ ಆಗೋಗಿದೆ. ಇನ್ನೊಂದು ಸಲ ಬೇಡ."

"ಅವಳನ್ನೇ ಕೇಳಿದ್ರೆ?"

"ನಾನು ಕೇಳಿದ್ರೆ ಹೂಂ ಅಂತಾಳೆ. ನನಗೆ ಬೇಜಾರಾಗ್ಬಾರ್ದು ಅಂತ. ಅವಳ ಮನಸ್ಸಿಗೆ ಬಂದಾಗ ಅವಳಾಗಿ ಅವಳೇ ಬಾಯಿ ಬಿಡ್ಬೇಕು. ಅಲ್ಲೀತನಕ ನಾನು ಹೂಂ ಅನ್ನಲ್ಲ. ಇಲ್ಲ ಅಂತಾನೂ ಅಲ್ಲ."

ದೇವೇಂದ್ರ ತಲೆಯಾಡಿಸಿದ. ಕಲ್ಲು ಕುಪ್ಪಳಿಸುವ ಮಗುವನ್ನೇ ನೋಡುತ್ತಿದ್ದ. "ಕಾಯ್ತೀನಿ. ಆದ್ರೆ ಒಂದು ವಿಷಯ. ಬೇರೆ ಊರಲ್ಲಿ ಹೊಸ ಏರ್‌ಪೋರ್ಟ್ ತೆರೀತಿದೆ. ಅಲ್ಲಿಗೆ ಹೋಗು ಅಂತಿದ್ದಾರೆ. ಹಬ್ಬ ಕಳೆದ ಮೇಲೆ ಹೇಳ್ಬೇಕು. ಇಲ್ಲಿ ನನಗೆ ಮನೆ ಅಂತ ಒಂದಾದ್ರೆ ನಾನು ಹೋಗಲ್ಲ. ಇಲ್ಲಾಂದ್ರೆ ಪ್ರತಿ ಭಾನುವಾರ ಇಲ್ಲಿಗೆ ಬಂದು, ನಿಮ್ಮನ್ನ ನೋಡಿ ವಾಪಸ್ ಹೋಗೋದು ನನ್ನ ಕೈಲಾಗಲ್ಲ."

ಕೀರ್ತನ ಆ ದಿನ ಮಗಳ ತಲೆಗೆ ಎಣ್ಣೆ ಹಚ್ಚುವಾಗ ಬೇಕೆಂದೇ ನಿಧಾನ ಮಾಡಿದಳು.

"ಹರ್ಷಿ, ನನ್ನನ್ನ ಏನಾದ್ರೂ ಕೇಳ್ಬೇಕು ಅನ್ಸುತ್ತಾ?"

ಹರ್ಷಿತ ಯೋಚಿಸಿದಳು. ಅವಳ ಬೆನ್ನು ಒಂದು ಕ್ಷಣ ಬಿಗಿಯಾಯಿತು. ಕೀರ್ತನಳ ಬೆರಳು ಕೂದಲಲ್ಲೇ ನಿಂತಿತು.

"ಇರುವೆಗೆ ಮೂಗಿರುತ್ತಾ?"

"ಗೊತ್ತಿಲ್ಲ ಕಂದ," ಅಂದು ಕೀರ್ತನ ಜಡೆ ಹೆಣೆದಳು. ಹೆಣೆದ ಜಡೆಯನ್ನು ಬಿಚ್ಚಿ ಇನ್ನೊಮ್ಮೆ ಹೆಣೆದಳು. ಆತುರಪಡಿಸಬಾರದು. ಹಾಲು ಹೆಪ್ಪಾಗುವಾಗ ಪಾತ್ರೆ ಅಲ್ಲಾಡಿಸಿದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತು.

ಕದಿರಮ್ಮ ಅವರೆಕಾಯಿ ಸುಲಿಯುತ್ತ ಎಲ್ಲವನ್ನೂ ನೋಡುತ್ತಿದ್ದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ.

*

ಹಬ್ಬ ಕಳೆದ ಭಾನುವಾರ ಮಂಜು ಇನ್ನೂ ಕರಗಿರಲಿಲ್ಲ. ಕದಿರಮ್ಮ ಡಬ್ಬಿಯಲ್ಲಿ ಅವರೆಕಾಳು ಉಪ್ಪಿಟ್ಟು ಹಾಕಿಕೊಂಡು, ಮೊಮ್ಮಗಳ ಕೈ ಹಿಡಿದು, ಮೊದಲ ಸಲ ಲೇಔಟಿಗೆ ಬಂದರು.

"ತಗೋಪ್ಪಾ, ತಿನ್ನು. ಎಷ್ಟ್ ದಿವ್ಸ ಹಿಂಗೆ ಸುತ್ತೀರಾ ಇಬ್ರೂ? ಟೈರು ಸವೀತದೇ ಹೊರತು ಊರು ಬರಾಕಿಲ್ಲ."

"ಈ ಕಾರಿನ ಆಟನೇ ಹಂಗಮ್ಮ," ದೇವೇಂದ್ರ ನಕ್ಕ.

"ನಾನ್ ಕಾರಿನ್ ಮಾತಾಡ್ತಿಲ್ಲ."

ಅವನ ನಗು ನಿಂತಿತು. ಉಪ್ಪಿಟ್ಟಿನ ಡಬ್ಬಿ ಹಿಡಿದು ತಲೆ ತಗ್ಗಿಸಿದ. "ನಾಳೆ ಆಫೀಸಲ್ಲಿ ಹೇಳ್ಬೇಕಮ್ಮ, ಹೊಸ ಊರಿಗೆ ಹೋಗ್ತೀನೋ ಇಲ್ವೋ ಅಂತ. ಹೋದ್ರೆ ಇದೇ ಕೊನೇ ಭಾನುವಾರ."

ಅಜ್ಜಿಯ ಸೆರಗು ಹಿಡಿದಿದ್ದ ಹರ್ಷಿತ ಅವನನ್ನೇ ನೋಡಿದಳು. ದಿನವಿಡೀ ಪ್ರಶ್ನೆ ಉದುರಿಸುವ ಹುಡುಗಿ ಇಂದು ಒಂದನ್ನೂ ಕೇಳಲಿಲ್ಲ. ಓಡಿಹೋಗಿ ಮಗಳನ್ನು ಅಪ್ಪಿಕೊಂಡು ಎಲ್ಲ ಹೇಳಿಬಿಡಲೇ ಅನ್ನಿಸಿತು ಕೀರ್ತನಳಿಗೆ. ಹೇಳಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಕಾಂಟೆಸಾ ಹತ್ತಿದಳು. ದೇವೇಂದ್ರ ಪಕ್ಕದಲ್ಲಿ ಕೂತ.

ಸರ್ಕಲ್ ಹತ್ತಿರ ಬಂತು. ಸ್ಟೀರಿಂಗ್ ತಿರುಗಿಸಿ ಆಕ್ಸಿಲರೇಟರ್ ಒತ್ತಿದಳು. ಹಿಂದಿನ ಚಕ್ರ ಹಿಡಿತ ಬಿಟ್ಟಿತು. ಎಂದಿನಂತೆ ಅವಳ ಕಾಲು ಮೇಲೇಳಲು ಹೊರಟಿತು.

"ಬಿಡ್ಬೇಡ ಕೀರ್ತನ," ಅಂದ ದೇವೇಂದ್ರ, ಮೆಲ್ಲಗೆ.

ಅವನು ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವಳ ಕಾಲು ಅಲ್ಲೇ ಉಳಿಯಿತು. ಕಾರಿನ ಮೂತಿ ಕಂಬಗಳ ಕಡೆಗಿತ್ತು, ಕಣ್ಣು ತಿರುವಿನಾಚೆಗಿತ್ತು. ಕೈಗಳು ತಾವೇ ಎದುರು ದಿಕ್ಕಿಗೆ ತಿರುಗಿದವು. ಬೀದಿ ದೀಪಗಳು, ಕಮಾನು, ನೀಲಗಿರಿ ಮರಗಳ ಸಾಲು, ಮಂಜಿನಲ್ಲಿ ನಿಂತ ಅತ್ತೆ ಮತ್ತು ಮಗಳು, ಎಲ್ಲ ಗಾಜಿನ ಮುಂದೆ ಅಡ್ಡವಾಗಿ ತೇಲಿದವು. ಕಾರು ಬೀಳುತ್ತಿರುವ ಹಾಗಿತ್ತು, ಬೀಳುತ್ತಿರಲಿಲ್ಲ. ನೆಲದ ಮೇಲೆ ಓಡುವುದು ಇಷ್ಟು ಮೆತ್ತಗೆ ಇರಬಹುದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಪೂರ್ತಿ ಒಂದು ಸುತ್ತು. ಇನ್ನೊಂದು. ಈ ಸುತ್ತು ಮುಗಿದರೆ ಸೋಮವಾರ ಬರುತ್ತದೆ ಎಂದು ನೆನಪಾಗಿ ಮೂರನೆಯದನ್ನೂ ಸುತ್ತಿದಳು.

ಕಾರು ನಿಂತಾಗ ರಬ್ಬರಿನ ಹೊಗೆ ನಿಧಾನವಾಗಿ ಮಂಜಿನೊಳಗೆ ಸೇರಿಕೊಂಡಿತು. ಇಬ್ಬರೂ ಇಳಿದರು. ದೇವೇಂದ್ರ ಕೀರ್ತನಳ ಕೈಯನ್ನು ಒಂದು ಗಳಿಗೆ ಹಿಡಿದ. ಎಲ್ಲರ ಎದುರಿಗೇ. ಅವಳು ಬಿಡಿಸಿಕೊಳ್ಳಲಿಲ್ಲ.

ಹರ್ಷಿತ ಅಜ್ಜಿಯ ಸೆರಗು ಬಿಟ್ಟು ಕಾರಿನ ಹತ್ತಿರ ಬಂದಳು. ಹಿಂದಿನ ಬಾಗಿಲು ತೆರೆದು ಒಳಗೆ ಇಣುಕಿದಳು. ಕಾರು ಹಗುರಾಗಲೆಂದು ದೇವೇಂದ್ರ ಹಿಂದಿನ ಸೀಟನ್ನು ಕಿತ್ತು ಹಾಕಿದ್ದ. ಬರೀ ತಗಡಿನ ನೆಲ. ಅದರ ಮೇಲೆ ಅಂಗೈ ಇಟ್ಟು ನೋಡಿದಳು. ಬಾಗಿಲು ಮುಚ್ಚಿದಳು. ಅಜ್ಜಿಯ ಕಡೆಗೊಮ್ಮೆ ತಿರುಗಿ ನೋಡಿ, ಸೀದಾ ದೇವೇಂದ್ರನ ಮುಂದೆ ಬಂದು ನಿಂತಳು.

ಅವನು ಮಂಡಿಯೂರಿ ಅವಳ ಎತ್ತರಕ್ಕೆ ಕೂತ.

"ಇದ್ರಲ್ಲಿ ಎರಡೇ ಸೀಟಿದೆ," ಅಂದಳು ಹರ್ಷಿತ. ಅವಳ ಕಣ್ಣು ಅವನ ಮೇಲಿಂದ ಕದಲಲಿಲ್ಲ. "ನೀವು ಅಮ್ಮನ್ನ ಮದುವೆ ಆದ್ರೆ ಅಮ್ಮನ್ನ ಮಾತ್ರ ಕರ್ಕೊಂಡ್ ಹೋಗ್ತೀರಾ, ಇಲ್ಲ ನಾನೂ ಅಜ್ಜಿನೂ ಬರ್ಬಹುದಾ?"