ಎಡಚನ ಸಾಲು

ಇದನ್ನು ನಾನು ಕಂಡದ್ದು ಹಾಡಹಗಲಲ್ಲಿ, ಒಂದು ತೊಟ್ಟೂ ಕುಡಿಯದೆ.

ಈಸಾನ್ ಸೀಮೆಯ ನಮ್ಮ ಹಳ್ಳಿಯಲ್ಲಿ ಭತ್ತದ ನಾಟಿ ನಡೆಯುವುದೇ ಮುಯ್ಯಾಳಿನ ಮೇಲೆ: ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಅಪ್ಪ ಎಲ್ಲರ ಗದ್ದೆಯಲ್ಲೂ ಬೆನ್ನು ಬಗ್ಗಿಸಿದವನು. ಅವನು ಸತ್ತು ಚಿತೆಯೇರಿದ ಮಳೆಗಾಲದಲ್ಲಿ ನಮ್ಮ ಗದ್ದೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಸಸಿ ಮಡಿಯಲ್ಲೇ ಬಲಿಯುತ್ತಿತ್ತು. ಇನ್ನು ತಡವಾದರೆ ವರ್ಷವಿಡೀ ನಮಗೆ ಅನ್ನವಿಲ್ಲ.

ಕೇಳಿಯೇಬಿಡೋಣವೆಂದು ದೊಡ್ಡಪ್ಪ ಬುನ್‌ಥಾನನ ಗದ್ದೆಗೆ ಹೋದೆ. ಊರಿಗೆ ಊರೇ ಅಲ್ಲಿ ಸಾಲಾಗಿ ಬಗ್ಗಿ ನಾಟಿ ಮಾಡುತ್ತಿತ್ತು.

"ದೊಡ್ಡಪ್ಪಾ, ಅಪ್ಪನ ಮುಯ್ಯಿ ಯಾವಾಗ ತೀರಿಸ್ತೀಯ?"

"ಅದು ಅವನ ಚಿತೆ ಜೊತೇಲೇ ಹೋಯ್ತು ಕಣೋ. ಬೇಕಾದ್ರೆ ಅವನನ್ನೇ ಕಳ್ಸು, ಕೇಳ್ಲಿ!"

ಎಲ್ಲರೂ ಕಿಸಕ್ಕೆಂದರು. ರೇಗಿ ಕೆಸರಿಗೆ ಇಳಿದೆ. ಸಾಲಿನ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿಯಿತ್ತು. ಗದ್ದೆಯ ನೀರೆಲ್ಲ ಬಿಸಿಲಿಗೆ ಕಾದಿದ್ದರೂ ಅಲ್ಲಿ ಮಾತ್ರ ಕಾಲು ಮರಗಟ್ಟುವಷ್ಟು ತಣ್ಣಗಿತ್ತು.

"ಇಲ್ಲಿ ಯಾಕೆ ಯಾರೂ ನಿಂತಿಲ್ಲ, ಅತ್ತೆ?"

ಪಕ್ಕದಲ್ಲಿದ್ದ ಸಾಯ್‌ಬುವಾ ಅತ್ತೆ ತಲೆಯೆತ್ತಲಿಲ್ಲ. "ಇದಾರಲ್ಲೋ. ಬೆಳಗ್ಗಿಂದ ನನ್ ಮೊಣಕೈಗೆ ತಾಗ್ತಾನೇ ಇದಾರೆ," ಎಂದವಳು ಪಕ್ಕಕ್ಕೆ ತಿರುಗಿ ನೋಡಿ ಒಂದು ಹೆಜ್ಜೆ ದೂರ ಸರಿದಳು.

ಆ ಖಾಲಿ ಜಾಗದ ಮುಂದೆ ಬದುವಿನವರೆಗೂ ಸಸಿ ನೆಟ್ಟಾಗಿತ್ತು. ಉಳಿದವರ ಸಸಿಗಳೆಲ್ಲ ಒಂದು ಕಡೆ ವಾಲಿದ್ದರೆ ಆ ಸಾಲಿನವು ಇನ್ನೊಂದು ಕಡೆಗೆ. ಊರಲ್ಲಿ ಎಡಗೈಯಲ್ಲಿ ನೆಡುತ್ತಿದ್ದವನು ಅಪ್ಪ ಒಬ್ಬನೇ.

ಆಮೇಲೂ ಯಾರೂ ಬರಲಿಲ್ಲ. ನಾನೂ ಅವ್ವನೂ ಕೈಲಾದಷ್ಟು ನೆಟ್ಟೆವು. ನಾನು ಕಂಡದ್ದನ್ನು ಕೇಳಿದ್ದ ಅವ್ವ, ಅಪ್ಪ ಬಂದಾನು, ನಮ್ಮಿಬ್ಬರ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಡು ಎಂದಳು, ಬಿಟ್ಟೆವು.

ಕೊಯ್ಲಿನವರೆಗೂ ಅಲ್ಲಿ ಒಂದು ಸಸಿಯೂ ಇರಲಿಲ್ಲ.