ಚೀಟಿಯಲ್ಲಿ ಇಲ್ಲದ ಸಾಲು

"ಕುಂಡ ಎಲ್ಲಿ?" ಎಂದು ಅವಳು ಕೇಳಿದಳು.

"ಕುಂಡ ಅವರು ತಗೊಂಡು ಹೋದ್ರು."

"ಗಿಡ ಬಿಟ್ಟು ಕುಂಡ ತಗೊಂಡು ಹೋದ್ರಾ?"

"ಹೂಂ. ಚೆನ್ನಾಗಿದ್ವು. ನೀಲಿ ಬಣ್ಣದವು."

ಅವನ ತೋಳಿನಲ್ಲಿ ಹಳೆಯ ಬೆಡ್‌ಶೀಟಿನ ಗಂಟು, ಗಂಟಿನಲ್ಲಿ ಏಳು ಗಿಡಗಳು. ಅವನ ಔಷಧಿ ಅಂಗಡಿಯ ಮೇಲಿನ ಮಹಡಿಯ ಆಫೀಸು ಆ ಬೆಳಿಗ್ಗೆ ಖಾಲಿಯಾಗಿತ್ತು. ಸಾಮಾನು ಸಾಗಿಸಲು ಬಂದವರು ಗಿಡಗಳನ್ನು ಕಿತ್ತು ಮೆಟ್ಟಿಲ ಮೇಲೆ ಎಸೆದು, ಮಣ್ಣನ್ನು ಚರಂಡಿಗೆ ಸುರಿದು, ಕುಂಡಗಳನ್ನು ಮಾತ್ರ ಪೇಪರಿನಲ್ಲಿ ಸುತ್ತಿ ಮಗುವಿನಂತೆ ಎತ್ತಿಕೊಂಡು ಹೋಗಿದ್ದರು. ಕೌಂಟರಿನಲ್ಲಿ ನಿಂತರೆ ಮೆಟ್ಟಿಲು ಕಣ್ಣೆದುರಿಗೇ ಇತ್ತು. ಮಧ್ಯಾಹ್ನದವರೆಗೆ ಅವನು ಬೇರೆ ಕಡೆ ನೋಡುತ್ತ ಮಾತ್ರೆ ಎಣಿಸಿದ. ಆಮೇಲೆ ಆಗಲಿಲ್ಲ, ಶಟರ್ ಎಳೆದು ಬಂದುಬಿಟ್ಟ.

ಎರಡು ರಸ್ತೆ ಆಚೆಗಿದ್ದ ಆ ನರ್ಸರಿ ಅವಳ ದೊಡ್ಡಮ್ಮನದು. ದೊಡ್ಡಮ್ಮ ಮುಂದೆ ಕುರ್ಚಿ ಹಾಕಿಕೊಂಡು ವ್ಯಾಪಾರ ನೋಡುತ್ತಿದ್ದರು. ಹಿಂದಿನ ಶೆಡ್ಡಿನಲ್ಲಿ ಅವಳು ಸೊರಗಿದ್ದು, ಕೊಳೆತದ್ದು, ಬೆಕ್ಕು ಬೀಳಿಸಿದ್ದು, ಹೀಗೆ ಜನ ತಂದ ಗಿಡಗಳನ್ನೆಲ್ಲ ಬದುಕಿಸುತ್ತಿದ್ದಳು. ಸುತ್ತಮುತ್ತಲಿನವರ ಬಾಯಲ್ಲಿ ಅವಳು ಡಾಕ್ಟರಮ್ಮ. ಗಂಡನ ಮನೆ ಬಿಟ್ಟು ಇಲ್ಲಿಗೆ ಬಂದು ಆಗಿನ್ನೂ ನಾಲ್ಕು ತಿಂಗಳು.

ಅವಳು ಗಂಟು ಬಿಚ್ಚಿ ಒಂದೊಂದನ್ನೇ ಎತ್ತಿ ನೋಡಿದಳು. ಹಾವಿನ ಗಿಡಕ್ಕೆ ಏನೂ ಆಗಿರಲಿಲ್ಲ, ಅದು ಯಮನಿಗೂ ಜಗ್ಗದ ಜಾತಿ. ಮನಿ ಪ್ಲಾಂಟ್ ಪರವಾಗಿಲ್ಲ. ಪೀಸ್ ಲಿಲಿಯ ಎಲೆಗಳು ಮಾತ್ರ ಒದ್ದೆ ಬಟ್ಟೆಯ ಹಾಗೆ ನೇತುಬಿದ್ದಿದ್ದವು.

"ಇದು ಉಳಿಯುತ್ತಾ?"

"ನೀವು ನಿಮ್ಮ ಅಂಗಡೀಲಿ ಗ್ಯಾರಂಟಿ ಕೊಡ್ತೀರಾ?"

"ಇಲ್ಲ."

"ನಾನೂ ಇಲ್ಲ." ಕೈಯೆಲ್ಲ ಮಣ್ಣಾಗಿದ್ದರಿಂದ ಹಣೆಯ ಕೂದಲನ್ನು ಮಣಿಕಟ್ಟಿನಿಂದ ಹಿಂದೆ ಸರಿಸಿದಳು. ಹುಬ್ಬಿನ ತುದಿಗೆ ಮಣ್ಣು ಹತ್ತಿತು. "ಇವತ್ತು ನೀರಲ್ಲಿ ಇಟ್ಟಿರ್ತೀನಿ. ಭಾನುವಾರ ಬನ್ನಿ. ನೆಡೋವಾಗ ಹಿಡ್ಕೊಳ್ಳೋಕೆ ಇನ್ನೊಂದು ಜೊತೆ ಕೈ ಬೇಕು."

ಹುಬ್ಬಿನ ಮೇಲೆ ಮಣ್ಣಿದೆ ಎಂದು ಹೇಳಬೇಕೆನ್ನಿಸಿತು. ಹೇಳಲಿಲ್ಲ. ಮನೆಗೆ ಹೋದ ಮೇಲೂ ಅದೇ ಕಣ್ಣಮುಂದೆ ಇತ್ತು.

ಒಂದು ಭಾನುವಾರಕ್ಕೆ ಎರಡೇ ಗಿಡ ಎಂದು ಅವಳು ನಿಯಮ ಮಾಡಿದಳು. ಎರಡು ಸ್ಟೂಲು, ನಡುವೆ ಮಣ್ಣಿನ ಬುಟ್ಟಿ. ಅವಳು ಬೇರನ್ನು ತೊಳೆದು, ಕಪ್ಪಗೆ ಮೆತ್ತಗಾದದ್ದನ್ನು ಕತ್ತರಿಸಿ, ಬಿಳಿಯದನ್ನು ಉಳಿಸುತ್ತಿದ್ದಳು. ಪ್ರತಿ ಸಲವೂ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸುವುದನ್ನು ನೋಡಿ ಅವನಿಗೆ ಅವಳ ಮೇಲೆ ಗೌರವ ಹುಟ್ಟಿತು. ಪ್ರೀತಿಗೆ ಇದೂ ಒಂದು ದಾರಿಯೇ, ಔಷಧಿ ಅಂಗಡಿಯವರಿಗೆ.

"ಇಷ್ಟು ಚಿಕ್ಕ ಕುಂಡ ಯಾಕೆ?"

"ಬೇರಿಗಿಂತ ಎರಡು ಬೆರಳು ಜಾಸ್ತಿ ಇದ್ರೆ ಸಾಕು. ಪೆಟ್ಟು ತಿಂದ ಗಿಡಕ್ಕೆ ದೊಡ್ಡ ಮನೆ ಕೊಟ್ರೆ ಕಂಗಾಲಾಗುತ್ತೆ."

ಅವನು ಗಿಡವನ್ನು ನೆಟ್ಟಗೆ ಹಿಡಿದಿರುತ್ತಿದ್ದ, ಅವಳು ಸುತ್ತ ಮಣ್ಣು ತುಂಬುತ್ತಿದ್ದಳು. ಮಣ್ಣಿನೊಳಗೆ ಬೆರಳಿಗೆ ಬೆರಳು ತಾಗುತ್ತಿತ್ತು. ಇಬ್ಬರೂ ಬೇರಿನ ವಿಷಯವನ್ನೇ ಮಾತಾಡುತ್ತಿದ್ದರು.

ಮೊದಲ ದಿನ ಹೊರಡುವಾಗ ಅವನು, "ಬರೆದು ಕೊಡಿ, ಬಾಯಿಮಾತಿನ ಮೇಲೆ ನಾನು ಏನೂ ಮಾಡಲ್ಲ," ಎಂದ. ಅವಳು ನಕ್ಕಳು. ಅವನು ನಗಲಿಲ್ಲ. ಹದಿನಾಲ್ಕು ವರ್ಷದಲ್ಲಿ ಚೀಟಿಯಲ್ಲಿ ಇಲ್ಲದ ಒಂದೇ ಒಂದು ಗುಳಿಗೆಯನ್ನು ಅವನು ಯಾರಿಗೂ ಕೊಟ್ಟವನಲ್ಲ. ಸ್ವಂತ ಅಕ್ಕ ಕೆಮ್ಮುತ್ತ ಬಂದಾಗಲೂ ಡಾಕ್ಟರ ಹತ್ತಿರ ಕಳಿಸಿದ ಮಹಾನುಭಾವ. ಅವಳು ಬಿಲ್ ಪುಸ್ತಕದ ಹಾಳೆ ಹರಿದು ಬರೆದಳು:

ನೇರ ಬಿಸಿಲು ಬೇಡ.
ಗೊಬ್ಬರ ಬೇಡ.
ಬೇರು ಹಿಡಿಯುವವರೆಗೆ ಅಲುಗಾಡಿಸಬೇಡಿ.

"ದಿನಕ್ಕೆ ಎಷ್ಟು ಸಲ ನೋಡಬಹುದು?" ಎಂದ ಅವನು.

"ಗಿಡವನ್ನಾ?"

ಅವನ ಕಿವಿ ಕೆಂಪಾಯಿತು. ಅವಳು ಕತ್ತರಿ ಒರೆಸುವ ನೆಪದಲ್ಲಿ ತಲೆ ತಗ್ಗಿಸಿದಳು.

"ಏಳು ಗಿಡಕ್ಕೆ ಎಷ್ಟು ವಾರ ಬೇಕಮ್ಮ?" ಎಂದು ದೊಡ್ಡಮ್ಮ ಮುಂದಿನಿಂದಲೇ ಕೂಗಿ ಕೇಳುತ್ತಿದ್ದರು. ಅವನಿಗೆ ಆಗಲೇ ಅವರು ಗುಳಿಗೆ ಎಂದು ಹೆಸರಿಟ್ಟಾಗಿತ್ತು.

ನಾಲ್ಕನೆಯ ಭಾನುವಾರ ಉಳಿದದ್ದು ಪೀಸ್ ಲಿಲಿ ಒಂದೇ. ಅದನ್ನು ಕುಂಡಕ್ಕೆ ಕೂರಿಸಿ ಮಣ್ಣು ಒತ್ತುವಾಗ ಅವನು ಬಾಯಿ ತೆರೆದ. "ನಾನು ನಿಮ್ಮ ಹತ್ರ ಒಂದು ಮಾತು..."

ಅವಳ ಕೈ ನಿಂತಿತು. ಮಾತು ಏನೆಂದು ಅವಳಿಗೆ ಗೊತ್ತಿತ್ತು. ಮಣ್ಣಿನ ಮೇಲಿಂದ ಕಣ್ಣೆತ್ತದೆ, "ನಾನೂ ಕಿತ್ತು ತಂದ ಗಿಡಾನೇ," ಎಂದಳು. "ಬೇರು ಹಿಡಿಯೋವರೆಗೂ ಅಲುಗಾಡಿಸಬೇಡಿ."

"ಆಯ್ತು," ಎಂದ ಅವನು.

ಆಯ್ತು ಎಂದದ್ದು ಬಾಯಿಮಾತಿಗೆ ಅಲ್ಲ. ಅವಳ ಮಾತನ್ನು ಅವನು ಚೀಟಿಯಂತೆಯೇ ತೆಗೆದುಕೊಂಡು ಮಡಿಸಿ ಎದೆಯ ಹತ್ತಿರ ಇಟ್ಟುಕೊಂಡ. ಹಾಕಿದ ಗೆರೆ ದಾಟದವನನ್ನು ನಾವು ಒಳ್ಳೆಯವನು ಎನ್ನುತ್ತೇವೆ. ಗೆರೆ ಹಾಕಿದವರು ಆಚೆ ನಿಂತು ಕಾಯುತ್ತಿರಬಹುದು ಎಂಬುದು ಇಂಥವರ ತಲೆಗೆ ಹೊಳೆಯುವುದೇ ಇಲ್ಲ.

ಏಳು ಗಿಡಗಳೂ ಅಂಗಡಿಯ ಕಿಟಕಿಯಲ್ಲಿ ಸಾಲಾಗಿ ಕೂತವು. ಚೀಟಿಯನ್ನು ಕಪಾಟಿನ ಗಾಜಿಗೆ ಅಂಟಿಸಿದ. ಭಾನುವಾರಗಳು ನಿಂತವು. ತಿಂಗಳಿಗೊಮ್ಮೆ ದೊಡ್ಡಮ್ಮನ ಬಿಪಿ ಮಾತ್ರೆ ಕೊಡಲು ಹೋದಾಗ ಶೆಡ್ಡಿನ ಬಾಗಿಲಲ್ಲಿ ನಿಲ್ಲುತ್ತಿದ್ದ. ಎರಡು ಸ್ಟೂಲುಗಳೂ ಹಾಕಿಯೇ ಇರುತ್ತಿದ್ದವು. ಅವನು ಕೂರುತ್ತಿರಲಿಲ್ಲ.

"ಗಿಡ ಹೇಗಿವೆ?"

"ಚೆನ್ನಾಗಿವೆ. ನಾನು ಮುಟ್ಟಿಲ್ಲ."

"ಮುಟ್ಟೇ ಇಲ್ವಾ?"

"ಇಲ್ಲ. ನೀವೇ ಹೇಳಿದ್ರಲ್ಲ."

ಅವಳು ಅವನನ್ನು ಒಂದು ಕ್ಷಣ ಹೆಚ್ಚಿಗೆ ನೋಡಿ, ಮತ್ತೆ ಕತ್ತರಿ ಕೈಗೆತ್ತಿಕೊಳ್ಳುತ್ತಿದ್ದಳು. ಆ ಒಂದು ಕ್ಷಣವನ್ನು ಅವನು ತಿಂಗಳಿಡೀ ನೆನೆಯುತ್ತಿದ್ದ, ಅಷ್ಟೆ.

ಒಮ್ಮೆ ದೊಡ್ಡಮ್ಮ ಮಾತ್ರೆ ತೆಗೆದುಕೊಳ್ಳುತ್ತ ಹೇಳಿದರು. "ತಾಳಿದವನು ಬಾಳಿಯಾನು ಅಂತಾರಪ್ಪ, ನಿಜ. ಆದ್ರೆ ತಾಳ್ಕೊಂಡೇ ಕೂತವನು ಯಾವಾಗ ಬಾಳ್ತಾನೆ?"

"ಊಟ ಆದ್ಮೇಲೆ ಒಂದು, ದೊಡ್ಡಮ್ಮ," ಎಂದ ಗುಳಿಗೆ. ಅವರು ಹಣೆ ಚಚ್ಚಿಕೊಂಡರು.

ಹೀಗೆ ಹತ್ತು ತಿಂಗಳು ಕಳೆದವು. ಒಂದು ಮಧ್ಯಾಹ್ನ ಅವಳೇ ಅಂಗಡಿಗೆ ಬಂದಳು. ಶೆಡ್ಡಿನ ಹೊರಗೆ ಅವಳನ್ನು ಅವನು ನೋಡಿದ್ದು ಅದೇ ಮೊದಲು. ಕೈಯಲ್ಲಿ ಮಣ್ಣಿರಲಿಲ್ಲ.

"ಬಸ್ಸಲ್ಲಿ ವಾಂತಿ ಆಗದಿರೋ ಮಾತ್ರೆ ಕೊಡಿ."

"ಎಷ್ಟು ಗಂಟೆ ಪ್ರಯಾಣ?"

"ಏಳು."

"ಹೋಗಿ ಬರೋದಕ್ಕೆ ಎರಡು ಸಾಕು."

"ಹೋಗೋದಕ್ಕೆ ಮಾತ್ರ."

ಅವನು ಡಬ್ಬಿ ಹುಡುಕುತ್ತಲೇ ಇದ್ದ. "ಮದುವೆ ಗಿದುವೆಯಾ?"

"ಹೂಂ."

"ಯಾರದು?"

"ನಂದು."

ಡಬ್ಬಿ ಕೈಗೆ ಸಿಕ್ಕಿತ್ತು. ಅದನ್ನು ಮತ್ತೆ ಒಳಗಿಟ್ಟು ಇನ್ನೊಂದು ತೆಗೆದ. ಅದು ಹೊಟ್ಟೆನೋವಿನದು. ಅವಳೇ ಬೆರಳು ತೋರಿಸಿ, "ಆ ಹಸಿರು ಡಬ್ಬಿ ಇರಬೇಕು," ಎಂದಳು.

ವರ ಶಾಲೆಯ ಮೇಷ್ಟ್ರು. ಇಲ್ಲಿದ್ದ ಅಕ್ಕನ ಮನೆಗೆ ಬಂದಾಗಲೆಲ್ಲ ಯಾವುದಾದರೂ ಒಣಗಿದ ಗಿಡ ಹಿಡಿದುಕೊಂಡು ನರ್ಸರಿಗೆ ಬರುತ್ತಿದ್ದರಂತೆ.

"ಮೊದಲನೇ ಸಲ ಕೇಳಿದಾಗ ಇಲ್ಲ ಅಂದೆ," ಎಂದಳು. "ಎರಡನೇ ಸಲ ನೋಡೋಣ ಅಂದೆ. ಮೂರನೇ ಸಲವೂ ಕೇಳಿದ್ರು."

ಅವಳು ಕಿಟಕಿಯ ಹತ್ತಿರ ಹೋದಳು. ಪೀಸ್ ಲಿಲಿ ಕುಂಡ ತುಂಬಿ ಹೊರಚೆಲ್ಲಿತ್ತು, ಎರಡು ಬಿಳಿ ಹೂವೂ ಇದ್ದವು. ಅವಳು ಅದರ ಬುಡಕ್ಕೆ ಎರಡು ಬೆರಳಿಟ್ಟು ಮೆಲ್ಲಗೆ ಮೇಲಕ್ಕೆ ಎಳೆದಳು. ಗಿಡ ಕದಲಲಿಲ್ಲ.

"ಹಿಡಿದಿದೆ. ಯಾವಾಗ ನೋಡಿದ್ರಿ?"

"ಏನು ನೋಡೋದು?"

"ಹೀಗೆ ಎಳೆದು. ಮೂರು ವಾರ ಆದ್ಮೇಲೆ ಮೆಲ್ಲಗೆ ಎಳೆದು ನೋಡ್ಬೇಕು. ಕೈಗೆ ಬಂದ್ರೆ ಇನ್ನೂ ಹಿಡಿದಿಲ್ಲ. ಬರದಿದ್ರೆ ಬೇರು ಹಿಡಿದಿದೆ ಅಂತ. ಎಲ್ಲರಿಗೂ ಹೇಳ್ತೀನಲ್ಲ, ನಿಮಗೆ ಹೇಳಿರಲಿಲ್ವಾ?"

"ಚೀಟಿಯಲ್ಲಿ ಇರಲಿಲ್ಲ," ಎಂದ ಅವನು.

ಅವಳು ಕಪಾಟಿನ ಕಡೆ ತಿರುಗಿ ಮೂರು ಸಾಲನ್ನೂ ಓದಿದಳು. ತುಂಬ ಹೊತ್ತು ಓದಿದಳು. ಮುಂದಿನ ಮಾತು ಹೇಳುವಾಗ ಅವಳ ದನಿ ಸಣ್ಣದಾಗಿತ್ತು.

"ಏಳು ಗಿಡ ನೆಡೋದು ಒಂದು ಗಂಟೆ ಕೆಲಸ. ನಾನು ನಾಲ್ಕು ಭಾನುವಾರ ಮಾಡಿದೆ. ಆಮೇಲೂ ಸ್ಟೂಲ್ ಹಾಕೇ ಇಟ್ಟಿದ್ದೆ."

"ನಾನು ನೀವು ಹೇಳಿದ್ದನ್ನೇ..."

"ಗೊತ್ತು. ನಾನು ಹೇಳಿದ್ದನ್ನ ಅಷ್ಟು ಚಾಚೂ ತಪ್ಪದೆ ಪಾಲಿಸಿದವರು ಯಾರೂ ಇಲ್ಲ. ನಿಮಗೆ ನಾನು ಬೇಡ ಅಂತ ಅಂದ್ಕೊಂಡೆ."

"ಬೇಕಿತ್ತು," ಎಂದ ಅವನು. "ಪ್ರತಿ ದಿನ ಬೇಕಿತ್ತು." ಬಾಯಿಂದ ಹೊರಬಂದಾಗ ಆ ಮಾತು ಎಷ್ಟು ಹಗುರವಾಗಿತ್ತೆಂದರೆ, ಇದನ್ನು ಹೊತ್ತುಕೊಂಡೇ ಇಷ್ಟು ದಿನ ತಿರುಗಿದೆನೇ ಎಂದು ಅವನಿಗೆ ನಾಚಿಕೆಯಾಯಿತು. "ಈಗ ಕೇಳಿದ್ರೆ?"

ಅವಳ ಕಣ್ಣು ತುಂಬಿತ್ತು, ಆದರೆ ಅವಳು ತಡವರಿಸಲಿಲ್ಲ. "ಅವರು ಒಳ್ಳೆಯವರು. ಮನಸ್ಸೂ ಒಪ್ಪಿದೆ, ಮಾತೂ ಕೊಟ್ಟಿದ್ದೀನಿ. ಒಂದೇ ಗಿಡಾನ ಎಷ್ಟು ಸಲ ಅಂತ ಕೀಳೋದು, ಹೇಳಿ."

ಅವನು ತಲೆಯಾಡಿಸಿದ. ಗಿಡ ಬದುಕಬೇಕು ಎಂದು ಶಟರ್ ಎಳೆದು ಓಡಿದವನು ಅವನು, ಬೇರೇನು ಮಾಡಿಯಾನು. ಒಂದು ಮಾತ್ರೆ ಕವರಿಗೆ ಹಾಕಿ, ಅಭ್ಯಾಸದಂತೆ ಮೇಲೆ ಬರೆದ: ಹೊರಡುವ ಅರ್ಧ ಗಂಟೆ ಮೊದಲು. ಕೊಡುವಾಗ, "ನಿಮ್ಮ ಹುಬ್ಬಿನ ಮೇಲೆ ಯಾವಾಗಲೂ ಮಣ್ಣು ಹತ್ತಿರುತ್ತಿತ್ತು," ಎಂದ. "ಹೇಳಬೇಕು ಅಂತಿದ್ದೆ."

"ಗೊತ್ತಿತ್ತು. ನೀವು ಒರೆಸ್ತೀರಾ ಅಂತ ನೋಡ್ತಿದ್ದೆ." ಅವಳು ನಕ್ಕಳು, ಆ ನಗುವಿನ ಜೊತೆಗೇ ಕಣ್ಣೊರೆಸಿಕೊಂಡಳು. ಕೌಂಟರಿನ ಪೆನ್ನು ತೆಗೆದುಕೊಂಡು ಕಪಾಟಿನ ಚೀಟಿಯ ಕೆಳಗೆ ಏನೋ ಬರೆದು, "ಬರ್ತೀನಿ," ಎಂದಳು. ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅವಳು ರಸ್ತೆಯ ತಿರುವು ದಾಟುವವರೆಗೆ ಅವನು ನೋಡಿದ. ಆಮೇಲೆ ಚೀಟಿಯ ಹತ್ತಿರ ಬಂದ. ನಾಲ್ಕನೆಯ ಸಾಲಿನ ಶಾಯಿ ಇನ್ನೂ ಹಸಿಯಾಗಿತ್ತು: ಮೂರು ವಾರದ ನಂತರ ಮೆಲ್ಲಗೆ ಎಳೆದು ನೋಡಿ.

ಬರೆದುಕೊಟ್ಟ ಮೇಲೆ ಮಾಡದಿರುವವನಲ್ಲ ಅವನು. ಕಿಟಕಿಯ ಆ ತುದಿಯಿಂದ ಶುರು ಮಾಡಿ, ಒಂದೊಂದರ ಬುಡಕ್ಕೂ ಎರಡು ಬೆರಳಿಟ್ಟು ಮೆಲ್ಲಗೆ ಎಳೆದ. ಹಾವಿನ ಗಿಡ ಬರಲಿಲ್ಲ. ಮನಿ ಪ್ಲಾಂಟ್ ಬರಲಿಲ್ಲ. ಯಾವುದೂ ಬರಲಿಲ್ಲ. ಕೊನೆಗೆ ಪೀಸ್ ಲಿಲಿಯನ್ನು ಹಿಡಿದು ನಿಂತ. ಅದು ಯಾವತ್ತೋ ಬೇರು ಹಿಡಿದಿತ್ತು.