ಮೂರನೇ ಸುತ್ತಿನ ‘ಹೌದು’

ಇನ್ಸ್‌ಪೆಕ್ಟರ್ ಶಿಶುವಿಹಾರದ ಆಫೀಸಿಗೆ ಕಾಲಿಟ್ಟಾಗ ಕಂಪ್ಯೂಟರ್ ಪರದೆಯ ಮೇಲೆ ಹಸಿರು ಪಟ್ಟಿ ಆ ತುದಿಯವರೆಗೂ ತುಂಬಿತ್ತು. ಕೆಳಗೆ ಒಂದೇ ಸಾಲು: ‘ಅಳಿಸುವಿಕೆ ಪೂರ್ಣ. ನೂರಕ್ಕೆ ನೂರು.’

ಇವತ್ತಿನ ಕ್ಯಾಮೆರಾ ದೃಶ್ಯಗಳೆಲ್ಲ ಮಾಯ. ಹನ್ನೆರಡು ಗಂಟೆಗೆ ನಾಲ್ಕು ವರ್ಷದ ಮಗುವೊಂದು ಜಾರುಬಂಡೆಯ ಮೆಟ್ಟಿಲಿಂದ ಬಿದ್ದು ಕೈ ಮುರಿದುಕೊಂಡಿತ್ತು. ತಪ್ಪು ಯಾರದೆಂದು ಹೇಳಲು ಇದ್ದದ್ದು ಆ ದೃಶ್ಯವೊಂದೇ.

“ನಮ್ಮ ಆಯಾಳ ಲಾಗಿನ್ ನಂಬರಿನಿಂದಲೇ ಅಳಿಸೋದು ಶುರುವಾಗಿದೆ ನೋಡಿ, ಹನ್ನೆರಡೂಕಾಲಿಗೆ,” ಎಂದಳು ವ್ಯವಸ್ಥಾಪಕಿ. “ಮಗೂನ ನೋಡಿಕೊಳ್ಳದೆ ಬೀಳಿಸಿದಳು. ಈಗ ಸಾಕ್ಷಿ ಅಳಿಸಿದ್ದಾಳೆ. ಕರ್ಕೊಂಡು ಹೋಗಿ ಮೇಡಂ.”

ಮಕ್ಕಳೆಲ್ಲ ಅಜ್ಜಿ ಎನ್ನುವ ಆಯಾ ಗೋಡೆಗೊರಗಿ ನಿಂತಿದ್ದಳು. ಅವಳ ಭುಜದ ಮೇಲೆ ಮಗುವಿನ ಕಣ್ಣೀರು, ಮೂಗಿನ ನೀರು ಒಣಗಿತ್ತು.

“ಮಗುವಿನ ಅಪ್ಪನ ಫೋನ್ ನಂಬರ್ ಹುಡುಕೋಕೆ ಕಂಪ್ಯೂಟರ್ ಮುಂದೆ ಕೂತೆ ತಾಯಿ. ಸಿಕ್ಕಿದ್ದೇ ತಡ, ಎಲ್ಲ ತೆರೆದಿಟ್ಟು ಮಗೂನ ಎತ್ಕೊಂಡು ಆಸ್ಪತ್ರೆಗೆ ಓಡಿದೆ. ಆ ಮೆಟ್ಟಿಲು ಅಲ್ಲಾಡ್ತಿತ್ತು. ಯಾರೂ ಹತ್ತಬಾರದು ಅಂತ ಬೆಳಿಗ್ಗೆ ನಾನೇ ಅಡ್ಡ ಹಗ್ಗ ಕಟ್ಟಿದ್ದೆ. ಯಾರು ಬಿಚ್ಚಿದರೋ!”

“ಒಂದು ಗುಂಡಿ ಒತ್ತಿದರೆ ಸಾಕು, ಮಿಕ್ಕಿದ್ದು ಅದರ ಪಾಡಿಗೆ ಅದು ನಡೆಯುತ್ತೆ,” ವ್ಯವಸ್ಥಾಪಕಿ ನಡುವೆ ಬಾಯಿ ಹಾಕಿದಳು. “ಒತ್ತಿಯೇ ಓಡಿದ್ದು.”

“ಆಮೇಲೆ ಇಲ್ಲಿಗೆ ಯಾರಾದರೂ ಬಂದರಾ?”

“ಒಂದು ನೊಣಾನೂ ಬಂದಿಲ್ಲ. ಮಧ್ಯಾಹ್ನ ಒಂದು ಗಂಟೆವರೆಗೂ ನಾನು ಈ ಬಾಗಿಲಲ್ಲೇ ಕೂತಿದ್ದೆ.”

ಇನ್ಸ್‌ಪೆಕ್ಟರ್ ಅಕ್ಷರ ಬಿಡದೆ ಬರೆದುಕೊಂಡಳು. ಕೆಳಗೆ ವ್ಯವಸ್ಥಾಪಕಿಯ ಸಹಿಯನ್ನೂ ಹಾಕಿಸಿಕೊಂಡಳು.

* * *

ಕಂಪ್ಯೂಟರ್ ರಿಪೇರಿಯವನು ಏದುಸಿರು ಬಿಡುತ್ತ ಬಂದ. ಮಕ್ಕಳು ಅವನಿಗಿಟ್ಟ ಹೆಸರು ಮೌಸ್ ಮಾವ. ಅಳಿಸುವ ತಂತ್ರಾಂಶ ಹಾಕಿದವನು ಅವನೇ. ಇನ್ಸ್‌ಪೆಕ್ಟರಿಗೆ ಅವನ ಮೇಲೂ ಅನುಮಾನ ಹೋಯಿತು.

“ನೀನು ಎಲ್ಲೋ ಕೂತು ಇದನ್ನ ಅಳಿಸಬಹುದಲ್ಲ?”

“ಆಗಲ್ಲ ಮೇಡಂ. ಇಲ್ಲೇ ಕೂರಬೇಕು. ಕೊನೇವರೆಗೂ ಕೂರಬೇಕು.”

“ಅದರ ಪಾಡಿಗೆ ನಡೆಯುತ್ತಂತೆ?”

“ಯಾರು ಹೇಳಿದ್ದು? ಮೂರು ಸುತ್ತು ಅಳಿಸುತ್ತೆ. ಒಂದೊಂದು ಸುತ್ತಿಗೂ ಪಟ್ಟಿ ಮೊದಲಿಂದ ತುಂಬಬೇಕು. ಮೊದಲೆರಡು ಸುತ್ತು ಮುಗಿದಾಗ ‘ಮುಂದುವರಿಸಲೇ?’ ಅಂತ ಕೇಳುತ್ತೆ. ಐದು ನಿಮಿಷದಲ್ಲಿ ‘ಹೌದು’ ಒತ್ತದಿದ್ದರೆ ನಿಂತುಬಿಡುತ್ತೆ. ಕೈತಪ್ಪಿ ಮಕ್ಕಳ ಫೋಟೋ ಹೋಗಬಾರದು ಅಂತ ನಾನೇ ಹಾಗಿಟ್ಟಿದ್ದು.” ಅವನು ತಲೆ ಕೆರೆದುಕೊಂಡ. “ಪೂರ್ತಿ ಮುಗಿದ ಮೇಲೆ ವರದಿ ಪ್ರಿಂಟ್ ಆಗಬೇಕಿತ್ತಲ್ಲ?”

ಇನ್ಸ್‌ಪೆಕ್ಟರ್ ಪ್ರಿಂಟರಿನತ್ತ ತಿರುಗಿದಳು. ಕೆಂಪು ದೀಪ ಮಿನುಗುತ್ತಿತ್ತು. ಕಾಗದ ಖಾಲಿ.

“ಮಕ್ಕಳು ಚಿತ್ರ ಬರೆಯೋಕೆ ಎಲ್ಲಾ ಒಯ್ದವು,” ಎಂದಳು ಆಯಾ ಸಣ್ಣ ದನಿಯಲ್ಲಿ.

ಇನ್ಸ್‌ಪೆಕ್ಟರ್ ಗೋಡೆಯಲ್ಲಿದ್ದ ಒಂದು ಚಿತ್ರವನ್ನು ಮೆಲ್ಲಗೆ ಕಿತ್ತು, ಖಾಲಿ ಮಗ್ಗುಲು ನೋಡಿ ಪ್ರಿಂಟರಿನೊಳಗಿಟ್ಟಳು. ಪ್ರಿಂಟರ್ ಗುರ್ರೆಂದಿತು. ವರದಿ ಹೊರಬಂತು.

* * *

“ಶುರು ಹನ್ನೆರಡು ಹದಿನೈದು,” ಇನ್ಸ್‌ಪೆಕ್ಟರ್ ಓದಿದಳು. “ಎರಡನೇ ಸುತ್ತಿಗೆ ‘ಹೌದು’, ಹನ್ನೆರಡು ಇಪ್ಪತ್ತೊಂಬತ್ತು. ಮೂರನೇ ಸುತ್ತಿಗೆ ‘ಹೌದು’, ಹನ್ನೆರಡು ನಲವತ್ಮೂರು.”

ಆಸ್ಪತ್ರೆಗೆ ಫೋನ್ ಮಾಡಿದಳು. ಎಕ್ಸ್‌ರೇ ಕೋಣೆಯ ಪುಸ್ತಕದಲ್ಲಿ ಹನ್ನೆರಡು ನಲವತ್ತಕ್ಕೆ ಆಯಾಳ ಸಹಿಯಿತ್ತು.

“ಅಜ್ಜಿ ಅಲ್ಲಿ ಮಗುವಿನ ಕೈ ಹಿಡಿದಿದ್ದಾಗ ಇಲ್ಲಿ ‘ಹೌದು’ ಒತ್ತಿದ್ದು ಯಾರು?”

“ನಂಗೇನು ಗೊತ್ತು? ಯಾರೋ ಬಂದಿರಬೇಕು,” ಎಂದಳು ವ್ಯವಸ್ಥಾಪಕಿ.

“ಒಂದು ನೊಣಾನೂ ಬಂದಿಲ್ಲ ಅಂದಿರಿ. ಸಹಿ ಹಾಕಿದ್ದೀರಿ. ಅನುಮಾನಕ್ಕೆ ಅಜ್ಜಿಯೊಬ್ಬರೇ ಉಳಿಯಲಿ ಅಂತ ನಿಮ್ಮ ಮಾತಲ್ಲೇ ಊರಿಗೆಲ್ಲ ಬಾಗಿಲು ಹಾಕಿದಿರಿ. ಒಳಗೆ ಉಳಿದದ್ದು ನೀವೇ.”

ವ್ಯವಸ್ಥಾಪಕಿ ಕುರ್ಚಿ ಎಳೆದುಕೊಂಡು ಕೂತಳು.

“ಹೊಸ ಪೋಷಕರು ನೋಡೋಕೆ ಬರೋರಿದ್ರು. ಜಾರುಬಂಡೆಗೆ ಹಗ್ಗ ಕಟ್ಟಿದ್ರೆ ಏನಂದ್ಕೋತಾರೆ ಅಂತ ಬಿಚ್ಚಿದೆ. ಕ್ಯಾಮೆರಾದಲ್ಲಿ ಅದು ಬಿದ್ದಿತ್ತು... ಇವಳ ನಂಬರಿನಲ್ಲಿ ಕಂಪ್ಯೂಟರ್ ತೆರೆದೇ ಇತ್ತು.”

ಇನ್ಸ್‌ಪೆಕ್ಟರ್ ಕಾಗದ ತಿರುವಿದಳು. ಹಿಂದೆ ಬಣ್ಣದ ಕಡ್ಡಿಯ ಗೀಚು: ಜಾರುಬಂಡೆ, ಪಕ್ಕದಲ್ಲಿ ಕೈಚಾಚಿದ ಒಬ್ಬ ಅಜ್ಜಿ. ಕೈಗಳು ಮೈಗಿಂತ ಉದ್ದ.

“ಇದು ನನಗೆ ಸಾಕ್ಷಿಗೆ ಬೇಕು ಅಜ್ಜಿ.”

“ಇಟ್ಕೊಳ್ಳಿ ತಾಯಿ. ನಾನಿನ್ನು ಹೊರಡಲಾ? ನೀನು ಬರೋವರೆಗೂ ನೀರೂ ಕುಡಿಯಲ್ಲ ಅಂತ ಆಸ್ಪತ್ರೇಲಿ ಹಟ ಹಿಡಿದಿದೆ ಮಗು.”